ನೆದರ್‌ಲ್ಯಾಂಡ್ಸ್: ಕಡಲಿನಿಂದ ಪಡೆದ ನೆಲ, ನಿತ್ಯ ಕಾಯಬೇಕಾದ ನೆಲ

ಒಡ್ಡಿನಲ್ಲಿ ಬಿದ್ದ ಸಣ್ಣ ರಂಧ್ರಕ್ಕೆ ಬೆರಳಿಟ್ಟು, ಚಳಿಯಲ್ಲಿ ರಾತ್ರಿಯಿಡೀ ಕುಳಿತು ಊರನ್ನು ಉಳಿಸಿದ ಡಚ್ ಬಾಲಕನ ಕಥೆಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕೇಳಿರುತ್ತಾರೆ. ಆದರೆ ಆ ಕಥೆಗೆ ಪ್ರಸಿದ್ಧಿ ತಂದುಕೊಟ್ಟವರು ಡಚ್ಚರಲ್ಲ. ಅಮೆರಿಕದ ಲೇಖಕಿ ಮೇರಿ ಮೇಪ್ಸ್ ಡಾಡ್ಜ್ 1865ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿಯಿಂದ ಅದು ಜಗತ್ತಿಗೆಲ್ಲ ಹರಡಿತು. ಆ ಬಾಲಕನನ್ನು ಹುಡುಕಿಕೊಂಡು ಬರುವ ಪ್ರವಾಸಿಗರಿಗಾಗಿ 1950ರಲ್ಲಿ ಸ್ಪಾರ್ನ್‌ಡಾಮ್ ಎಂಬ ಗ್ರಾಮದಲ್ಲಿ ಒಂದು ಪ್ರತಿಮೆಯನ್ನೂ ನಿಲ್ಲಿಸಲಾಯಿತು. ಆದರೆ ಈ ದೇಶವನ್ನು ಸಾವಿರ ವರ್ಷಗಳಿಂದ ಉಳಿಸಿಕೊಂಡು ಬಂದಿರುವುದು ಒಬ್ಬ ವೀರನ ಬೆರಳಲ್ಲ. ಲಕ್ಷಾಂತರ ಸಾಮಾನ್ಯರ ಸಲಿಕೆ, ತೆರಿಗೆ ಮತ್ತು ಒಮ್ಮತ. ಹಾಗಿದ್ದೂ ಈ ಕೆಲಸ ಎಂದಿಗೂ ಮುಗಿಯುವಂಥದ್ದಲ್ಲ ಎಂಬುದೇ ನೆದರ್‌ಲ್ಯಾಂಡ್ಸ್ ದೇಶದ ಭೂಗೋಳ ಮತ್ತು ಇತಿಹಾಸಗಳ ಸಾರ.

ಸಂಕ್ಷಿಪ್ತ ಪರಿಚಯ

ರಾಜಧಾನಿ: ಆಮ್‌ಸ್ಟರ್‌ಡಾಮ್. ಆಡಳಿತ ಕೇಂದ್ರ: ದಿ ಹೇಗ್.
ವಿಸ್ತೀರ್ಣ: ಸುಮಾರು 41,500 ಚದರ ಕಿ.ಮೀ. (ಒಳನಾಡಿನ ಜಲಭಾಗವೂ ಸೇರಿ).
ಜನಸಂಖ್ಯೆ: ಸುಮಾರು 1.8 ಕೋಟಿ.
ಪ್ರಾಂತಗಳು: 12.
ಭಾಷೆಗಳು: ಡಚ್, ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಫ್ರಿಸಿಯನ್ ಸಹ.
ಆಡಳಿತ: ಸಂವಿಧಾನಬದ್ಧ ರಾಜಪ್ರಭುತ್ವ. 2013ರಿಂದ ದೊರೆ ವಿಲ್ಲೆಮ್ ಅಲೆಕ್ಸಾಂಡರ್.
ನಾಣ್ಯ: ಯೂರೋ (2002ರವರೆಗೆ ಗಿಲ್ಡರ್).

ಭೌಗೋಳಿಕ ನೆಲೆ

ವಾಯವ್ಯ ಯುರೋಪಿನಲ್ಲಿ, ಉತ್ತರ ಸಮುದ್ರದ ದಂಡೆಯಲ್ಲಿ ಇರುವ ಈ ದೇಶ ವಿಸ್ತೀರ್ಣದಲ್ಲಿ ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ಸ್ವಲ್ಪವೇ ದೊಡ್ಡದು. ಪೂರ್ವಕ್ಕೆ ಜರ್ಮನಿ, ದಕ್ಷಿಣಕ್ಕೆ ಬೆಲ್ಜಿಯಂ. ನೆದರ್‌ಲ್ಯಾಂಡ್ಸ್ ಎಂಬ ಹೆಸರಿಗೆ ತಗ್ಗಿನ ನಾಡುಗಳು ಎಂದೇ ಅರ್ಥ. ನಾವು ರೂಢಿಯಲ್ಲಿ ಹೇಳುವ ಹಾಲೆಂಡ್ ಎಂಬುದು ವಾಸ್ತವವಾಗಿ ಹನ್ನೆರಡು ಪ್ರಾಂತಗಳ ಪೈಕಿ ಎರಡರ, ಅಂದರೆ ಉತ್ತರ ಹಾಲೆಂಡ್ ಮತ್ತು ದಕ್ಷಿಣ ಹಾಲೆಂಡ್‌ಗಳ ಹೆಸರು. 2020ರಿಂದ ಅಲ್ಲಿಯ ಸರ್ಕಾರವೂ ತನ್ನ ಪ್ರಚಾರದಲ್ಲಿ ಹಾಲೆಂಡ್ ಎಂಬ ಹೆಸರನ್ನು ಕೈಬಿಟ್ಟು, ನೆದರ್‌ಲ್ಯಾಂಡ್ಸ್ ಎಂಬ ಪೂರ್ಣ ಹೆಸರನ್ನೇ ಬಳಸುತ್ತಿದೆ.

ರೈನ್, ಮಾಸ್ ಮತ್ತು ಸ್ಕೆಲ್ಟ್ ಎಂಬ ಮೂರು ನದಿಗಳು ಇಲ್ಲಿ ಸಮುದ್ರವನ್ನು ಸೇರುತ್ತವೆ. ದೇಶದ ಬಹುಭಾಗ ಈ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನಿಂದ ರೂಪುಗೊಂಡ ಮುಖಜಭೂಮಿ. ಹಾಗಾಗಿ ಇಲ್ಲಿ ನೀರಿನ ಭಯ ಎರಡು ದಿಕ್ಕಿನಿಂದ: ಮುಂದೆ ಕಡಲು, ಹಿಂದೆ ನದಿ. ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ ಎಂಬ ಮಾತು ಬಹಳ ಕಡೆ ಕಂಡುಬರುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2007ರ ವರದಿಯಲ್ಲೂ ಶೇ 55 ಎಂದೇ ಅಚ್ಚಾಗಿತ್ತು. ಆ ತಪ್ಪನ್ನು 2010ರಲ್ಲಿ ತಿದ್ದಲಾಯಿತು. ಸರಿಯಾದ ಲೆಕ್ಕವೆಂದರೆ, ಸಮುದ್ರ ಮಟ್ಟಕ್ಕಿಂತ ಕೆಳಗಿರುವುದು ಸುಮಾರು ಶೇ 26ರಷ್ಟು ನೆಲ. ಇನ್ನು ಶೇ 29ರಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಮೇಲಿದ್ದರೂ ನದಿಗಳ ಪ್ರವಾಹಕ್ಕೆ ಒಳಗಾಗಬಲ್ಲದು. ದಕ್ಷಿಣ ಹಾಲೆಂಡ್‌ನ ಜೌಡ್‌ಪ್ಲಾಸ್ ಪ್ರದೇಶದಲ್ಲಿ ನೆಲ ಸಮುದ್ರ ಮಟ್ಟಕ್ಕಿಂತ 6.76 ಮೀಟರ್ ಕೆಳಗಿದೆ. ಅದು ದೇಶದ ಅತ್ಯಂತ ತಗ್ಗಾದ ಸ್ಥಳ. ಯುರೋಪಿನ ನೆಲದಲ್ಲಿ ಈ ದೇಶಕ್ಕಿರುವ ಅತಿ ಎತ್ತರದ ಬೆಟ್ಟವಾದ ವಾಲ್ಸರ್‌ಬರ್ಗ್‌ನ ಎತ್ತರ ಕೇವಲ 322 ಮೀಟರ್.

ದಿಬ್ಬಗಳ ಮೇಲಿನ ಬದುಕು

ಒಡ್ಡು ಕಟ್ಟುವ ವಿದ್ಯೆ ಬರುವುದಕ್ಕೆ ಬಹಳ ಮೊದಲೇ ಜನ ಇಲ್ಲಿ ನೆಲೆಸಿದ್ದರು. ಉತ್ತರದ ಫ್ರೀಸ್‌ಲ್ಯಾಂಡ್ ಮತ್ತು ಗ್ರೋನಿಂಗೆನ್ ಸೀಮೆಗಳಲ್ಲಿ ಕ್ರಿಸ್ತಪೂರ್ವ ಕಾಲದಲ್ಲಿಯೇ ಜೇಡಿಮಣ್ಣು, ಸಗಣಿ ಮತ್ತು ಕಸವನ್ನು ಪೇರಿಸಿ ದಿಬ್ಬಗಳನ್ನು ಮಾಡಿ, ಅವುಗಳ ಮೇಲೆ ಮನೆ ಕಟ್ಟಿಕೊಳ್ಳುತ್ತಿದ್ದರು. ಉಬ್ಬರ ಬಂದಾಗ ದಿಬ್ಬವು ದ್ವೀಪವಾಗುತ್ತಿತ್ತು. ಇಳಿತದಲ್ಲಿ ಮತ್ತೆ ಹುಲ್ಲುಗಾವಲಿನ ನಡುವಿನ ಊರಾಗುತ್ತಿತ್ತು. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಉತ್ತರ ಸಮುದ್ರದ ಈ ತೀರವನ್ನು ಕಂಡ ರೋಮನ್ ಲೇಖಕ ಹಿರಿಯ ಪ್ಲಿನಿ, ಮಳೆಯ ನೀರನ್ನೇ ಕುಡಿದು, ಒಣಗಿಸಿದ ಕೆಸರು ಮಣ್ಣನ್ನೇ ಉರುವಲಾಗಿ ಸುಟ್ಟು ಬದುಕುವ ದಿಬ್ಬವಾಸಿಗಳ ಬಗ್ಗೆ ಮರುಕದಿಂದ ಬರೆದಿದ್ದಾನೆ. ಅಂಥ ದಿಬ್ಬಗಳು ಇಂದಿಗೂ ಅಲ್ಲಿವೆ. ಫ್ರೀಸ್‌ಲ್ಯಾಂಡ್‌ನ ಹೋಗೆಬೈಂಟಮ್ ಗ್ರಾಮದ ದಿಬ್ಬ ಸುಮಾರು 9 ಮೀಟರ್ ಎತ್ತರವಿದ್ದು, ಅದರ ನೆತ್ತಿಯ ಮೇಲೆ ಹಳೆಯ ಚರ್ಚ್ ನಿಂತಿದೆ.

ಒಣಗಿಸಿದಷ್ಟೂ ಕುಸಿಯುವ ನೆಲ

ಕ್ರಿಸ್ತಶಕ ಸಾವಿರದ ಆಸುಪಾಸಿನಲ್ಲಿ ಜನರು ಪಶ್ಚಿಮದ ಜೌಗು ನೆಲಕ್ಕೆ ಕೈಹಾಕಿದರು. ಇಲ್ಲಿಯ ಮಣ್ಣು ಪೀಟ್. ನೀರಿನಲ್ಲಿ ನೆನೆದು ಅರೆಕೊಳೆತ ಸಸ್ಯರಾಶಿ ಸಾವಿರಾರು ವರ್ಷ ಪದರ ಪದರವಾಗಿ ಕೂಡಿ ಆದ ಕಪ್ಪು, ಹಗುರ ಮಣ್ಣು ಇದು. ಆಗ ಈ ನೆಲ ಸಮುದ್ರ ಮಟ್ಟಕ್ಕಿಂತ ಮೇಲೆಯೇ ಇತ್ತು. ಸಾಲು ಸಾಲಾಗಿ ಕಾಲುವೆ ತೋಡಿ ನೀರು ಬಸಿದರೆ ಒಳ್ಳೆಯ ಹೊಲವಾಗುತ್ತಿತ್ತು, ಧಾನ್ಯವೂ ಬೆಳೆಯುತ್ತಿತ್ತು.

ಆದರೆ ಪೀಟ್ ಮಣ್ಣಿನ ಗುಣವೇ ಬೇರೆ. ನೀರು ಬಸಿದೊಡನೆ ಅದು ಕುಗ್ಗುತ್ತದೆ. ಗಾಳಿ ತಾಕಿದ ಭಾಗ ಪೂರ್ತಿಯಾಗಿ ಕೊಳೆತು ಅನಿಲವಾಗಿ ಹೋಗುತ್ತದೆ. ಹೀಗೆ ನೆಲ ತಗ್ಗಿದಂತೆ ಹೊಲಕ್ಕೆ ಮತ್ತೆ ನೀರು ಬರುತ್ತದೆ. ರೈತ ಕಾಲುವೆಯನ್ನು ಇನ್ನಷ್ಟು ಆಳ ಮಾಡುತ್ತಾನೆ. ನೆಲ ಇನ್ನಷ್ಟು ತಗ್ಗುತ್ತದೆ. ಇದರ ಜೊತೆಗೆ ಉರುವಲಿಗಾಗಿಯೂ ಉಪ್ಪಿಗಾಗಿಯೂ ಪೀಟನ್ನು ಅಗೆದು ಸಾಗಿಸಿದ್ದರಿಂದ ದೊಡ್ಡ ದೊಡ್ಡ ಹೊಂಡಗಳಾಗಿ, ಅವು ಕೆರೆಗಳಾದವು. ಕೆಲವು ಶತಮಾನಗಳಲ್ಲಿ ನೆಲ ಸಮುದ್ರ ಮಟ್ಟಕ್ಕೆ ಇಳಿದು, ಕೊನೆಗೆ ಅದಕ್ಕಿಂತಲೂ ಕೆಳಗೆ ಹೋಯಿತು. ಧಾನ್ಯ ಬೆಳೆಯಲು ತೇವ ಅತಿಯಾದಾಗ ರೈತರು ಹುಲ್ಲುಗಾವಲಿಗೆ, ಹೈನುಗಾರಿಕೆಗೆ ತಿರುಗಿದರು. ಜಗತ್ಪ್ರಸಿದ್ಧವಾದ ಗೌಡಾ ಮತ್ತು ಎಡಾಮ್ ಚೀಸ್‌ಗಳ ಹಿಂದೆ ಈ ಕುಸಿದ ನೆಲದ ಕಥೆಯಿದೆ. ಸಮುದ್ರವು ಏರಿ ಬಂದು ನೆಲವನ್ನು ನುಂಗಿತು ಎಂದು ನಾವು ತಿಳಿಯುತ್ತೇವೆ. ಬಹಳಷ್ಟು ಕಡೆ ನೆಲವೇ ಕಡಲಿನ ಕೆಳಗೆ ಇಳಿದು ಹೋಯಿತು ಎಂಬುದು ಹೆಚ್ಚು ಸರಿಯಾದ ಮಾತು.

ಇದರ ಫಲವನ್ನು ಮಧ್ಯಯುಗದ ಮಹಾಪ್ರವಾಹಗಳು ತೋರಿಸಿಕೊಟ್ಟವು. 1287ರ ಡಿಸೆಂಬರ್‌ನ ಪ್ರವಾಹದಿಂದ ಝೈಡರ್‌ಝೀ ಎಂಬ ಒಳಗಡಲು ಮತ್ತಷ್ಟು ವಿಸ್ತಾರವಾಯಿತು. 1421ರ ನವೆಂಬರ್‌ನಲ್ಲಿ ಸಂತ ಎಲಿಜಬೆತ್ ಹಬ್ಬದ ಸಮಯದಲ್ಲಿ ಬಂದ ಪ್ರವಾಹವು ಡೊರ್ಡ್ರೆಕ್ಟ್ ಪಟ್ಟಣದ ಬಳಿಯ ಫಲವತ್ತಾದ ಸೀಮೆಯೊಂದನ್ನು ನೀರಿನ ಪಾಲು ಮಾಡಿತು. ಆಗ ತೊಟ್ಟಿಲೊಂದು ತೇಲಿ ಬಂತೆಂದೂ, ಅದು ಮಗುಚದಂತೆ ಬೆಕ್ಕೊಂದು ಅತ್ತಿಂದಿತ್ತ ಜಿಗಿದು ಮಗುವನ್ನು ಉಳಿಸಿತೆಂದೂ ಐತಿಹ್ಯವಿದೆ. ತೊಟ್ಟಿಲು ದಡ ಸೇರಿದ ಜಾಗವೇ ಕಿಂಡರ್‌ಡೈಕ್, ಅಂದರೆ ಮಗುವಿನ ಒಡ್ಡು, ಎನ್ನುತ್ತಾರೆ.

ರಾಜ್ಯಕ್ಕಿಂತ ಹಳೆಯ ಜಲಮಂಡಳಿ

ನೀರು ಒಬ್ಬನ ಹೊಲದ ಗಡಿ ನೋಡಿ ನಿಲ್ಲುವುದಿಲ್ಲ. ಒಬ್ಬ ರೈತ ತನ್ನ ಪಾಲಿನ ಒಡ್ಡನ್ನು ಅಲಕ್ಷಿಸಿದರೆ ಇಡೀ ಸೀಮೆ ಮುಳುಗುತ್ತದೆ. ಈ ಅರಿವಿನಿಂದ ಹುಟ್ಟಿದ್ದು ಜಲಮಂಡಳಿಗಳು. ನಮ್ಮ ನಗರಗಳ ಜಲಮಂಡಳಿಗಳಂತೆ ನಲ್ಲಿ ನೀರು ಪೂರೈಸುವುದು ಇವುಗಳ ಕೆಲಸವಲ್ಲ. ಒಡ್ಡು, ಕಾಲುವೆ, ತೂಬು, ಪಂಪು ಹಾಗೂ ನೀರಿನ ಮಟ್ಟವನ್ನು ನೋಡಿಕೊಳ್ಳುವುದು ಇವುಗಳ ಹೊಣೆ. ಬಳಸಿದ ಕೊಳಚೆ ನೀರಿನ ಶುದ್ಧೀಕರಣವೂ ಈಗ ಇವುಗಳದೇ. ಲೈಡನ್ ನಗರದ ರೈನ್‌ಲ್ಯಾಂಡ್ ಜಲಮಂಡಳಿಯ ಇತಿಹಾಸ 13ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ನೆದರ್‌ಲ್ಯಾಂಡ್ಸ್ ಎಂಬ ರಾಜ್ಯ ರೂಪುಗೊಳ್ಳುವುದಕ್ಕೆ ಮುನ್ನೂರು ವರ್ಷ ಮೊದಲೇ ಜನ ನೀರಿಗಾಗಿ ಕೂಡಿ ಸಭೆ ಸೇರುತ್ತಿದ್ದರು, ತೆರಿಗೆ ಕಟ್ಟುತ್ತಿದ್ದರು.

ಹಳೆಯ ಕಟ್ಟಳೆ ಬಹಳ ಕಠಿಣವಾಗಿತ್ತು. ಒಡ್ಡು ಕಟ್ಟಲಾರದವನು ಜಾಗ ಬಿಟ್ಟು ಹೊರಡಬೇಕು ಎಂಬ ಅರ್ಥದ ಗಾದೆ ಡಚ್ ಭಾಷೆಯಲ್ಲಿ ಇಂದಿಗೂ ಇದೆ. ತನ್ನ ಪಾಲಿನ ಒಡ್ಡನ್ನು ದುರಸ್ತಿ ಮಾಡಲು ಶಕ್ತಿಯಿಲ್ಲದ ರೈತ ತನ್ನ ಸಲಿಕೆಯನ್ನು ಒಡ್ಡಿನ ಮೇಲೆ ನೆಟ್ಟು ಹೊರಡುತ್ತಿದ್ದ. ಆ ಸಲಿಕೆಯನ್ನು ಕಿತ್ತುಕೊಂಡವನಿಗೆ ಹೊಲವೂ ಒಡ್ಡಿನ ಹೊಣೆಯೂ ಸೇರುತ್ತಿದ್ದವು. ಎರಡನೇ ಮಹಾಯುದ್ಧದ ನಂತರದ ದಿನಗಳಲ್ಲಿ ದೇಶದಲ್ಲಿ 2,500ಕ್ಕೂ ಹೆಚ್ಚು ಜಲಮಂಡಳಿಗಳಿದ್ದವು. ವಿಲೀನಗೊಳ್ಳುತ್ತಾ ಬಂದು ಈಗ 21 ಉಳಿದಿವೆ. ನಾಲ್ಕು ವರ್ಷಗಳಿಗೊಮ್ಮೆ ಇವುಗಳಿಗೆ ಪ್ರತ್ಯೇಕ ಚುನಾವಣೆ ನಡೆಯುತ್ತದೆ. ತೆರಿಗೆ ವಿಧಿಸುವ ಅಧಿಕಾರವೂ ಇವಕ್ಕಿದೆ. ಒಡ್ಡಿನಲ್ಲಿ ಬಿಲ ತೋಡುವ ಕಸ್ತೂರಿ ಇಲಿಗಳನ್ನು ಹಿಡಿಯಲೆಂದೇ ಇವು ಸಿಬ್ಬಂದಿಯನ್ನು ನೇಮಿಸಿಕೊಂಡಿವೆ. ಹಾಲೆಂಡ್ ಕಥೆಯ ಬಾಲಕನ ನಿಜವಾದ ವಾರಸುದಾರರು ಬಹುಶಃ ಇವರೇ.

ಗಾಳಿಗಿರಣಿಯಿಂದ ಉಗಿಯಂತ್ರಕ್ಕೆ

15ನೇ ಶತಮಾನದಿಂದ ನೀರೆತ್ತಲು ಗಾಳಿಗಿರಣಿಗಳ ಬಳಕೆ ಆರಂಭವಾಯಿತು. ಸುತ್ತಲೂ ಒಡ್ಡು ಕಟ್ಟಿ, ಒಳಗಿನ ನೀರನ್ನು ಹೊರಗೆತ್ತಿ ಪಡೆದ ನೆಲಕ್ಕೆ ಪೋಲ್ಡರ್ ಎಂದು ಹೆಸರು. ಆಮ್‌ಸ್ಟರ್‌ಡಾಮ್‌ನ ಉತ್ತರಕ್ಕಿದ್ದ ಬೇಮ್‌ಸ್ಟರ್ ಎಂಬ ಕೆರೆಯನ್ನು ನಲವತ್ತಕ್ಕೂ ಹೆಚ್ಚು ಗಾಳಿಗಿರಣಿಗಳಿಂದ ಬತ್ತಿಸಿ 1612ರಲ್ಲಿ ಸುಮಾರು 7,000 ಹೆಕ್ಟೇರ್ ನೆಲ ಪಡೆಯಲಾಯಿತು. ಈ ಕೆಲಸದಲ್ಲಿ ಪ್ರಮುಖ ಪಾತ್ರ ವಹಿಸಿದ ಗಿರಣಿ ತಜ್ಞ ಯಾನ್ ಅಡ್ರಿಯಾನ್‌ಸ್ಜೂನ್ ತನಗೆ ತಾನೇ ಲೇಖ್‌ವಾಟರ್ ಎಂಬ ಅಡ್ಡಹೆಸರು ಇಟ್ಟುಕೊಂಡ. ಬರಿದಾದ ನೀರು ಎಂಬುದು ಅದರ ಅರ್ಥ. ಗೀಟೆಳೆದಂತೆ ನೇರವಾದ ರಸ್ತೆ, ಕಾಲುವೆಗಳ ಬೇಮ್‌ಸ್ಟರ್ 1999ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ಸಾಹಸಕ್ಕೆ ಹಣ ಬಂದದ್ದು ಆಮ್‌ಸ್ಟರ್‌ಡಾಮ್‌ನ ವರ್ತಕರಿಂದ. ಬೇಮ್‌ಸ್ಟರ್‌ನ ಪ್ರಮುಖ ಹೂಡಿಕೆದಾರರಲ್ಲಿ ಒಬ್ಬನಾದ ಡಿರ್ಕ್ ಫಾನ್ ಓಸ್, 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸ್ಥಾಪಕರ ಪೈಕಿ ಒಬ್ಬ. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡದ್ದು ಇದೇ ಕಂಪನಿ. ಪೋಲ್ಡರ್ ವಿದ್ಯೆಯೂ ಹಡಗೇರಿ ವಸಾಹತುಗಳಿಗೆ ಹೋಯಿತು. ಆದರೆ ಅಲ್ಲಿ ಸಲಿಕೆ ಹಿಡಿದವರು ಸ್ವತಂತ್ರ ರೈತರಾಗಿರಲಿಲ್ಲ. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ತೀರಪ್ರದೇಶದ ಕಬ್ಬಿನ ತೋಟಗಳ ಒಡ್ಡು, ಕಾಲುವೆಗಳನ್ನು ಆಫ್ರಿಕದಿಂದ ತಂದ ಗುಲಾಮರಿಂದ ತೋಡಿಸಲಾಯಿತು. 1863ರಲ್ಲಿ ಗುಲಾಮಗಿರಿ ರದ್ದಾದ ಮೇಲೆ, 1873ರಿಂದ 1916ರವರೆಗೆ ಸುಮಾರು 34,000 ಭಾರತೀಯರನ್ನು ಕರಾರು ಕೂಲಿಗಳಾಗಿ ಅಲ್ಲಿಗೆ ಒಯ್ಯಲಾಯಿತು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಆಸುಪಾಸಿನಲ್ಲಿ ಅವರ ಸಂತತಿಯ ಬಹಳಷ್ಟು ಜನ ನೆದರ್‌ಲ್ಯಾಂಡ್ಸ್‌ಗೆ ಬಂದರು. ಇಂದು ದಿ ಹೇಗ್ ನಗರದಲ್ಲಿ ಅವರ ದೊಡ್ಡ ಸಮುದಾಯವೇ ಇದೆ. ಗುಲಾಮಗಿರಿಗಾಗಿ 2022ರ ಡಿಸೆಂಬರ್‌ನಲ್ಲಿ ಪ್ರಧಾನಿಯೂ 2023ರ ಜುಲೈ 1ರಂದು ದೊರೆಯೂ ಕ್ಷಮೆ ಯಾಚಿಸಿದರು.

ಗಾಳಿಗಿರಣಿಗಳಿಗೆ ಮಣಿಯದ ಹಾರ್ಲೆಮರ್‌ಮೀರ್ ಎಂಬ ಮಹಾಕೆರೆಯನ್ನು ಬತ್ತಿಸಲು ಉಗಿಯಂತ್ರ ಬರಬೇಕಾಯಿತು. ಸುಮಾರು 18,000 ಹೆಕ್ಟೇರ್ ವಿಸ್ತಾರದ ಈ ಕೆರೆ ಬಿರುಗಾಳಿಗೆ ದಡವನ್ನು ಕೊರೆಯುತ್ತಾ ಬೆಳೆಯುತ್ತಿತ್ತು. 1836ರ ಎರಡು ಬಿರುಗಾಳಿಗಳಲ್ಲಿ ಅದರ ನೀರು ಒಮ್ಮೆ ಆಮ್‌ಸ್ಟರ್‌ಡಾಮ್‌ನ, ಇನ್ನೊಮ್ಮೆ ಲೈಡನ್‌ನ ಬಾಗಿಲಿಗೇ ಬಂದಿತ್ತು. ಮೂರು ಉಗಿಯಂತ್ರ ಸ್ಥಾವರಗಳು 1849ರಿಂದ 1852ರವರೆಗೆ ಅದನ್ನು ಬರಿದು ಮಾಡಿದವು. ಇಂದು ಆಮ್‌ಸ್ಟರ್‌ಡಾಮ್‌ನ ಸ್ಖಿಪೋಲ್ ವಿಮಾನ ನಿಲ್ದಾಣ ಇರುವುದು ಆ ಕೆರೆಯ ತಳದಲ್ಲಿ, ಸಮುದ್ರ ಮಟ್ಟಕ್ಕಿಂತ ಮೂರು ಮೀಟರ್‌ಗೂ ಹೆಚ್ಚು ಕೆಳಗೆ.

ನೀರೇ ಆಯುಧವಾದಾಗ

ಶತಮಾನಗಳ ಶತ್ರುವಾದ ನೀರನ್ನು ಡಚ್ಚರು ಅನೇಕ ಸಲ ತಾವಾಗಿಯೇ ಒಳಗೆ ಕರೆದಿದ್ದಾರೆ. ಸ್ಪೇನ್ ವಿರುದ್ಧದ ಸ್ವಾತಂತ್ರ್ಯ ಸಮರದಲ್ಲಿ, 1574ರಲ್ಲಿ, ಮುತ್ತಿಗೆಗೆ ಸಿಕ್ಕಿ ಹಸಿವಿನಿಂದ ಕಂಗೆಟ್ಟಿದ್ದ ಲೈಡನ್ ನಗರವನ್ನು ಬಿಡಿಸಲು ಆರೆಂಜ್‌ನ ವಿಲಿಯಂ ಒಡ್ಡುಗಳನ್ನು ಒಡೆಸಿದ. ಹೊಲಗಳ ಮೇಲೆ ಹರಡಿದ ನೀರಿನಲ್ಲಿ ಚಪ್ಪಟೆ ತಳದ ದೋಣಿಗಳು ಸಾಗಿ ಬಂದು ಅಕ್ಟೋಬರ್ 3ರಂದು ನಗರಕ್ಕೆ ಆಹಾರ ಮುಟ್ಟಿಸಿದವು. ಇಂದಿಗೂ ಪ್ರತಿ ವರ್ಷ ಆ ದಿನ ಲೈಡನ್‌ನಲ್ಲಿ ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್ ಹಂಚುತ್ತಾರೆ. ಮರುವರ್ಷ, 1575ರಲ್ಲಿ, ಅಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1672ರಲ್ಲಿ ಫ್ರಾನ್ಸ್‌ನ ಹದಿನಾಲ್ಕನೇ ಲೂಯಿಯ ಸೈನ್ಯವನ್ನು ತಡೆದದ್ದೂ ಹೀಗೆ ಬೇಕೆಂದೇ ಮುಳುಗಿಸಿದ ನೆಲವೇ.

ಇದಕ್ಕೆ ತೆತ್ತ ಬೆಲೆ ರೈತನದು. ಉಪ್ಪು ನೀರು ನಿಂತ ಹೊಲ ಹಲವು ವರ್ಷ ಬೆಳೆ ಕೊಡುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರ ಅಕ್ಟೋಬರ್‌ನಲ್ಲಿ, ಜರ್ಮನ್ನರನ್ನು ಹೊರದಬ್ಬಲು ಬ್ರಿಟಿಷ್ ವಿಮಾನಗಳು ವಾಲ್‌ಖರೆನ್ ದ್ವೀಪದ ಒಡ್ಡುಗಳ ಮೇಲೆ ಬಾಂಬ್ ಹಾಕಿದಾಗ ವೆಸ್ಟ್‌ಕಪೆಲ್ಲೆ ಗ್ರಾಮದ ಜನರೂ ಬಲಿಯಾದರು. 1945ರ ಏಪ್ರಿಲ್‌ನಲ್ಲಿ, ಸೋಲು ಖಚಿತವಾಗಿದ್ದ ಜರ್ಮನ್ ಸೈನ್ಯವು ಹೊಸದಾಗಿ ಪಡೆದಿದ್ದ ವೀರಿಂಗರ್‌ಮೀರ್ ಪೋಲ್ಡರನ್ನು ಮುಳುಗಿಸಿ ಹೋಯಿತು.

ಕಡಲೊಂದು ಕೆರೆಯಾದದ್ದು

ದೇಶದ ನಡುವಿಗೇ ಚಾಚಿದ್ದ ಝೈಡರ್‌ಝೀಯನ್ನು ಮುಚ್ಚುವ ಯೋಜನೆಯನ್ನು ಎಂಜಿನಿಯರ್ ಕಾರ್ನೆಲಿಸ್ ಲೇಲಿ 1891ರಲ್ಲಿಯೇ ಸಿದ್ಧಪಡಿಸಿದ್ದರು. 1916ರ ಜನವರಿಯ ಪ್ರವಾಹವೂ ಮೊದಲ ಮಹಾಯುದ್ಧ ಕಾಲದ ಆಹಾರದ ಅಭಾವವೂ ಸೇರಿ ಅದಕ್ಕೆ ಒಪ್ಪಿಗೆ ದೊರಕಿಸಿದವು. ಲೇಲಿ ಅವರೇ ಸಚಿವರಾಗಿದ್ದಾಗ 1918ರಲ್ಲಿ ಕಾಯಿದೆ ಅಂಗೀಕಾರವಾಯಿತು. ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ 32 ಕಿ.ಮೀ. ಉದ್ದದ ಆಫ್‌ಸ್ಲಾಯ್ಟ್‌ಡೈಕ್ ಎಂಬ ಮಹಾ ಒಡ್ಡಿನ ಕೊನೆಯ ಕಂಡಿ 1932ರ ಮೇ 28ರಂದು ಮುಚ್ಚಿತು. ಮೂರು ವರ್ಷ ಮೊದಲೇ ತೀರಿಕೊಂಡಿದ್ದ ಲೇಲಿ ಅದನ್ನು ನೋಡಲಿಲ್ಲ. ಉಪ್ಪಿನ ಕಡಲು ಕೆಲವೇ ವರ್ಷಗಳಲ್ಲಿ ಐಸೆಲ್‌ಮೀರ್ ಎಂಬ ಸಿಹಿನೀರಿನ ಕೆರೆಯಾಯಿತು. 1930ರಿಂದ 1968ರವರೆಗೆ ನಾಲ್ಕು ಪೋಲ್ಡರ್‌ಗಳಿಂದ ಒಟ್ಟು ಸುಮಾರು 1,65,000 ಹೆಕ್ಟೇರ್ ನೆಲ ದೊರೆಯಿತು. ಇದರ ಬಹುಭಾಗ 1986ರಲ್ಲಿ ಫ್ಲೆವೋಲ್ಯಾಂಡ್ ಎಂಬ ಹನ್ನೆರಡನೇ ಪ್ರಾಂತವಾಯಿತು. ಅದರ ರಾಜಧಾನಿಗೆ ಲೇಲಿಸ್ಟಾಡ್ ಎಂದೇ ಹೆಸರು. 1976ರಲ್ಲಿ ಮೊದಲ ನಿವಾಸಿಗಳು ಬಂದ ಆಲ್‌ಮೇರೆ ನಗರದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ.

ಗಳಿಕೆಯ ಜೊತೆಗೆ ನಷ್ಟವೂ ಇತ್ತು. ಝೈಡರ್‌ಝೀಯ ದಡದ ಬೆಸ್ತರ ಪಟ್ಟಣಗಳು ತಮ್ಮ ಕಸುಬನ್ನು ಕಳೆದುಕೊಂಡವು. 1925ರಲ್ಲಿಯೇ ಅವರಿಗೆ ನೆರವು ನೀಡುವ ಕಾಯಿದೆ ಮಾಡಬೇಕಾಯಿತು. ಅಲೆಗಳ ಹೊಡೆತ ತಾಳಲಾರದೆ 1859ರಲ್ಲಿ ಸರ್ಕಾರಿ ಆಜ್ಞೆಯಂತೆ ತೆರವಾಗಿದ್ದ ಸ್ಖೋಕ್‌ಲ್ಯಾಂಡ್ ಎಂಬ ದ್ವೀಪ ಈಗ ಹೊಲಗಳ ನಡುವೆ ನಿಂತಿದೆ. ಸುತ್ತ ಕಡಲಿಲ್ಲದ ಈ ದ್ವೀಪ 1995ರಲ್ಲಿ ಆ ದೇಶದ ಮೊದಲ ವಿಶ್ವ ಪರಂಪರೆಯ ತಾಣವಾಯಿತು.

1953ರ ಆ ರಾತ್ರಿ

1953ರ ಜನವರಿ 31ರ ಶನಿವಾರ ರಾತ್ರಿ, ಹುಣ್ಣಿಮೆಯ ಬೆನ್ನಿಗೆ ಬಂದ ದೊಡ್ಡ ಉಬ್ಬರದ ಜೊತೆ ವಾಯವ್ಯ ದಿಕ್ಕಿನ ಬಿರುಗಾಳಿ ಸೇರಿಕೊಂಡು ಉತ್ತರ ಸಮುದ್ರದ ನೀರನ್ನು ನೈಋತ್ಯದ ಜೇಲ್ಯಾಂಡ್ ಪ್ರಾಂತದ ಮೇಲೆ ತಳ್ಳಿತು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಆ ಕಾಲದಲ್ಲಿ ರೇಡಿಯೊ ಕೇಂದ್ರಗಳು ಮಧ್ಯರಾತ್ರಿಗೆ ಮುಚ್ಚುತ್ತಿದ್ದವು. ಬೆಳಗಿನ ಜಾವ ಒಡ್ಡುಗಳು ಒಂದರ ಹಿಂದೊಂದು ಒಡೆದಾಗ ಜನ ನಿದ್ದೆಯಲ್ಲಿದ್ದರು. ಮಾಳಿಗೆ, ಛಾವಣಿಗಳ ಮೇಲೆ ಏರಿ ಉಳಿದುಕೊಂಡವರಲ್ಲಿ ಅನೇಕರನ್ನು ಭಾನುವಾರ ಮಧ್ಯಾಹ್ನದ ಎರಡನೇ ಉಬ್ಬರ ಮನೆಗಳೊಂದಿಗೆ ಕೊಚ್ಚಿಕೊಂಡು ಹೋಯಿತು. ದೂರವಾಣಿ ತಂತಿಗಳು ಕಡಿದು, ಹವ್ಯಾಸಿ ರೇಡಿಯೊ ಪ್ರಸಾರಕರ ಮೂಲಕವೇ ಹೊರಜಗತ್ತಿಗೆ ಸುದ್ದಿ ತಲುಪಿತು. ನೆದರ್‌ಲ್ಯಾಂಡ್ಸ್ ಒಂದರಲ್ಲಿಯೇ 1,836 ಜನ ಸತ್ತರು. ಇಂಗ್ಲೆಂಡ್‌ನಲ್ಲಿಯೂ 300ಕ್ಕೂ ಹೆಚ್ಚು ಜನ ಮಡಿದರು.

ಅದೇ ಬೆಳಗ್ಗೆ ನ್ಯೂವರ್‌ಕೆರ್ಕ್ ಗ್ರಾಮದ ಬಳಿ, ದಟ್ಟ ಜನವಸತಿಯ ಹಾಲೆಂಡ್ ಪ್ರದೇಶವನ್ನು ಕಾಯುವ ಒಡ್ಡು ಬಿರಿಯತೊಡಗಿತು. ಊರಿನ ಮೇಯರ್ ಆಜ್ಞೆಯಂತೆ ಆರಿ ಎವೆಗ್ರೂನ್ ಎಂಬ ನಾವಿಕ ತನ್ನ ಸರಕು ದೋಣಿಯನ್ನೇ ಒಡ್ಡಿನ ಕಂಡಿಗೆ ಅಡ್ಡವಾಗಿ ನಿಲ್ಲಿಸಿದ. ದೋಣಿ ಬಾಗಿಲಿನಂತೆ ಕಂಡಿಗೆ ಕೂತಿತು. ಲಕ್ಷಾಂತರ ಜನ ಬದುಕಿದರು. ಆದರೆ ಈ ಸಾಹಸವು ಒಂದು ಕಹಿ ಸತ್ಯವನ್ನು ಮರೆಸಬಾರದು. ಒಡ್ಡುಗಳು ತಗ್ಗಾಗಿವೆ, ದುರ್ಬಲವಾಗಿವೆ ಎಂದು ಯೊಹಾನ್ ಫಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರ್ 1930ರ ದಶಕದ ಕೊನೆಯಿಂದಲೇ ಎಚ್ಚರಿಸುತ್ತಾ ಬಂದಿದ್ದರು. ಯುದ್ಧ ಮತ್ತು ಪುನರ್ನಿರ್ಮಾಣದ ಖರ್ಚಿನ ನಡುವೆ ಒಡ್ಡಿನ ಸರದಿ ಬಂದಿರಲಿಲ್ಲ.

ಡೆಲ್ಟಾ ಯೋಜನೆ

ದುರಂತ ನಡೆದ ಮೂರೇ ವಾರಗಳಲ್ಲಿ ಡೆಲ್ಟಾ ಸಮಿತಿ ರಚನೆಯಾಯಿತು. ನೈಋತ್ಯದ ಅಳಿವೆಗಳಿಗೆ ಅಡ್ಡಗಟ್ಟೆ ಕಟ್ಟಿ ತೀರದ ಉದ್ದವನ್ನೇ ಕುಗ್ಗಿಸುವುದು ಅದರ ಯೋಜನೆ. ಆದರೆ ಪೂರ್ವ ಸ್ಕೆಲ್ಟ್ ಅಳಿವೆಯ ಸರದಿ ಬಂದಾಗ ಸಿಂಪಿ, ಕಪ್ಪೆಚಿಪ್ಪು ಕೃಷಿಕರು, ಬೆಸ್ತರು ಮತ್ತು ಪರಿಸರವಾದಿಗಳು ಪ್ರತಿಭಟಿಸಿದರು. ಕಟ್ಟೆಯಿಂದ ಉಬ್ಬರ ಇಳಿತ ನಿಂತರೆ ಅಳಿವೆ ಸಾಯುತ್ತದೆ ಎಂಬುದು ಅವರ ವಾದ. 1970ರ ದಶಕದಲ್ಲಿ ಸರ್ಕಾರ ಮಣಿಯಿತು. ದುಬಾರಿಯಾದ, ಆದರೆ ತೆರೆದಿರುವ ತಡೆಗೋಡೆಯನ್ನು ವಿನ್ಯಾಸಗೊಳಿಸಲಾಯಿತು. ಸುಮಾರು 9 ಕಿ.ಮೀ. ಉದ್ದದ, 65 ಕಂಬಗಳ, 62 ಉಕ್ಕಿನ ಬಾಗಿಲುಗಳ ಈ ತಡೆ 1986ರಲ್ಲಿ ಉದ್ಘಾಟನೆಯಾಯಿತು. ಸಾಮಾನ್ಯ ದಿನಗಳಲ್ಲಿ ಬಾಗಿಲು ತೆರೆದಿರುತ್ತದೆ. ಬಿರುಗಾಳಿಯಲ್ಲಿ ಮಾತ್ರ ಮುಚ್ಚುತ್ತದೆ. ರಾಟರ್‌ಡಾಮ್ ಬಂದರಿನ ದಾರಿಯನ್ನು ಕಾಯುವ ಮಾಸ್‌ಲಾಂಟ್ ತಡೆಗೋಡೆ 1997ರಲ್ಲಿ ಸಿದ್ಧವಾಯಿತು. ಅದರ ಎರಡು ಬಾಗಿಲುಗಳು ಒಂದೊಂದೂ 210 ಮೀಟರ್ ಉದ್ದ. ನೀರಿನ ಮಟ್ಟ ಮಿತಿ ದಾಟಿದ್ದರಿಂದ ಅದು ಮೊದಲ ಬಾರಿಗೆ ತಾನಾಗಿಯೇ ಮುಚ್ಚಿಕೊಂಡದ್ದು 2023ರ ಡಿಸೆಂಬರ್ 21ರಂದು.

1953ರಲ್ಲಿ ಕೊನೆಯದಾಗಿ ಮುಚ್ಚಿದ ಔವರ್‌ಕೆರ್ಕ್ ಬಳಿಯ ಕಂಡಿಗೆ ನಾಲ್ಕು ಭಾರಿ ಕಾಂಕ್ರೀಟ್ ಪೆಟ್ಟಿಗೆಗಳನ್ನು ಇಳಿಸಲಾಗಿತ್ತು. ಇಂದು ಆ ಪೆಟ್ಟಿಗೆಗಳ ಒಳಗೇ ಪ್ರವಾಹದ ವಸ್ತುಸಂಗ್ರಹಾಲಯವಿದೆ.

ನೀರಿನಿಂದ ರೂಪುಗೊಂಡ ಸಂಸ್ಕೃತಿ

ಆಮ್‌ಸ್ಟರ್‌ಡಾಮ್ ಎಂದರೆ ಆಮ್‌ಸ್ಟೆಲ್ ನದಿಯ ಕಟ್ಟೆ. ರಾಟರ್‌ಡಾಮ್ ಎಂದರೆ ರಾಟೆ ನದಿಯ ಕಟ್ಟೆ. ಹೀಗೆ ಊರ ಹೆಸರುಗಳಲ್ಲಿಯೇ ನೀರಿನ ಇತಿಹಾಸವಿದೆ. ಆಮ್‌ಸ್ಟರ್‌ಡಾಮ್‌ನ ಹಳೆಯ ಕಟ್ಟಡಗಳು ಕೆಸರಿನಲ್ಲಿ ಆಳಕ್ಕೆ ಹೊಡೆದ ಮರದ ಕಂಬಗಳ ಮೇಲೆ ನಿಂತಿವೆ. ಡಾಮ್ ಚೌಕದ ಅರಮನೆಯ ಕೆಳಗೆ 13,659 ಕಂಬಗಳಿವೆ. ವರ್ಷದ ದಿನಗಳ ಸಂಖ್ಯೆಯ ಹಿಂದೆ ಒಂದು, ಮುಂದೆ ಒಂಬತ್ತು ಸೇರಿಸಿ ಶಾಲೆಯ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳುತ್ತಾರೆ. ಕಂಬ ನೀರಿನಲ್ಲಿ ಮುಳುಗಿರುವವರೆಗೆ ಗಟ್ಟಿ. ಅಂತರ್ಜಲ ತಗ್ಗಿ ಗಾಳಿ ತಾಕಿದರೆ ಕೊಳೆಯುತ್ತದೆ.

ಗಾಳಿಗಿರಣಿಗೂ ಒಂದು ಭಾಷೆಯಿದೆ. ಅದರ ರೆಕ್ಕೆಗಳನ್ನು ನಿಲ್ಲಿಸುವ ಭಂಗಿಯಿಂದಲೇ ಸಂತೋಷವನ್ನೂ ಸೂತಕವನ್ನೂ ಸೂಚಿಸುವ ಸಂಪ್ರದಾಯ ಉಳಿದು ಬಂದಿದೆ. 2014ರ ಜುಲೈನಲ್ಲಿ ಉಕ್ರೇನ್ ಮೇಲೆ ಉರುಳಿಸಲ್ಪಟ್ಟ ಮಲೇಷಿಯಾ ವಿಮಾನದಲ್ಲಿ 196 ಡಚ್ಚರು ಸತ್ತಾಗ ದೇಶದ ಗಿರಣಿಗಳು ಶೋಕದ ಭಂಗಿಯಲ್ಲಿ ನಿಂತವು. ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿದರೆ ಫ್ರೀಸ್‌ಲ್ಯಾಂಡ್‌ನಲ್ಲಿ ಹನ್ನೊಂದು ಪಟ್ಟಣಗಳನ್ನು ಸುತ್ತುವ ಸುಮಾರು 200 ಕಿ.ಮೀ. ದೂರದ ಸ್ಕೇಟಿಂಗ್ ಪಂದ್ಯ ನಡೆಯುತ್ತದೆ. 1909ರಲ್ಲಿ ಆರಂಭವಾದ ಈ ಪಂದ್ಯಕ್ಕೆ 15 ಸೆಂ.ಮೀ. ದಪ್ಪದ ಹಿಮಗಡ್ಡೆ ಬೇಕು. 1997ರ ಜನವರಿಯ ನಂತರ ಅಷ್ಟು ದಪ್ಪಕ್ಕೆ ಮಾರ್ಗವಿಡೀ ಹೆಪ್ಪುಗಟ್ಟಿಯೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಮಾತುಕತೆಯ ಸಂಸ್ಕೃತಿ. ಭಿನ್ನಾಭಿಪ್ರಾಯವಿದ್ದರೂ ಒಪ್ಪಂದ ಆಗುವವರೆಗೆ ಕೂತು ಮಾತಾಡುವುದಕ್ಕೆ ಡಚ್ ಭಾಷೆಯಲ್ಲಿ ಪೋಲ್ಡರ್ ಎಂಬ ಪದದಿಂದಲೇ ಬಂದ ಕ್ರಿಯಾಪದವಿದೆ. 1982ರಲ್ಲಿ ಕಾರ್ಮಿಕ ಸಂಘಗಳು ಮತ್ತು ಮಾಲೀಕರು ವೇತನ ಹಾಗೂ ಕೆಲಸದ ಅವಧಿ ಕುರಿತು ಮಾಡಿಕೊಂಡ ವಾಸೆನಾರ್ ಒಪ್ಪಂದ ಇದಕ್ಕೆ ಪ್ರಸಿದ್ಧ ನಿದರ್ಶನ.

ನದಿಗೆ ಜಾಗ ಬಿಡುವ ಪಾಠ

ಕಡಲಿನ ಕಡೆ ಗೋಡೆ ಎತ್ತರವಾದಾಗ ಅಪಾಯ ಹಿಂಬದಿಯಿಂದ ಬಂತು. 1995ರ ಆರಂಭದಲ್ಲಿ ನದಿಗಳು ಉಕ್ಕಿ, ಸುಮಾರು 2,50,000 ಜನರನ್ನು ಮನೆ ಬಿಡಿಸಬೇಕಾಯಿತು. ಒಡ್ಡನ್ನು ಏರಿಸುತ್ತಲೇ ಹೋದರೆ ಅದು ಒಡೆದ ದಿನದ ಅನಾಹುತವೂ ಏರುತ್ತದೆ ಎಂಬ ಅರಿವು ಆಗ ಮೂಡಿತು. ನದಿಗೆ ಜಾಗ ಎಂಬ ಹೆಸರಿನ ಯೋಜನೆಯಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಒಡ್ಡುಗಳನ್ನು ಹಿಂದಕ್ಕೆ ಸರಿಸುವುದು, ಪಾತ್ರವನ್ನು ಅಗಲಿಸುವುದು ಮೊದಲಾದ ಕೆಲಸಗಳು ನಡೆದವು. ನೈಮೇಖೆನ್ ನಗರದ ಎದುರಿನ ಲೆಂಟ್‌ನಲ್ಲಿ ಒಡ್ಡನ್ನು 350 ಮೀಟರ್ ಹಿಂದೆ ಸರಿಸಲು ಸುಮಾರು 50 ಮನೆಗಳನ್ನು ಕೆಡವಲಾಯಿತು. ಓವರ್‌ಡೀಪ್ಸೆ ಪೋಲ್ಡರ್‌ನ ರೈತರು ಪ್ರವಾಹಕ್ಕೆ ತಮ್ಮ ನೆಲವನ್ನು ಬಿಟ್ಟುಕೊಡಲು ಒಪ್ಪಿ, ಹೇಗೆ ಎಂಬ ಯೋಜನೆಯನ್ನು ತಾವೇ ಮುಂದಿಟ್ಟರು. ಕೆಲವರು ಊರು ಬಿಟ್ಟರು. ಎಂಟು ಕುಟುಂಬಗಳು ಒಡ್ಡಿನ ಅಂಚಿಗೆ ಸುಮಾರು 6 ಮೀಟರ್ ಎತ್ತರದ ದಿಬ್ಬಗಳನ್ನು ಮಾಡಿ, ಅವುಗಳ ಮೇಲೆ ಮನೆ, ಕೊಟ್ಟಿಗೆ ಕಟ್ಟಿಕೊಂಡವು. ಎರಡು ಸಾವಿರ ವರ್ಷಗಳ ಹಿಂದೆ ಪ್ಲಿನಿ ಕಂಡ ದಿಬ್ಬದ ಬದುಕು ಹೀಗೆ ಹೊಸ ರೂಪದಲ್ಲಿ ಮರಳಿತು. 2018ರ ಮಹಾಪ್ರವಾಹದ ನಂತರ, 2019ರ ಮೇ ತಿಂಗಳಲ್ಲಿ, ಕೇರಳದ ಮುಖ್ಯಮಂತ್ರಿ ಈ ಯೋಜನೆಯನ್ನು ನೋಡಲೆಂದೇ ಅಲ್ಲಿಗೆ ಹೋಗಿದ್ದರು. ಕೇರಳದ ಕುಟ್ಟನಾಡಿನಲ್ಲಿಯೂ ಸಮುದ್ರ ಮಟ್ಟಕ್ಕಿಂತ ಕೆಳಗಿನ ಗದ್ದೆಗಳಿವೆ ಎಂಬುದನ್ನು ಇಲ್ಲಿ ನೆನೆಯಬಹುದು.

2021ರ ಜುಲೈನಲ್ಲಿ ಜರ್ಮನಿ, ಬೆಲ್ಜಿಯಂಗಳಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಪ್ರವಾಹ ನೆದರ್‌ಲ್ಯಾಂಡ್ಸ್‌ನ ಲಿಂಬರ್ಗ್ ಪ್ರಾಂತದಲ್ಲಿ ಅಪಾರ ಹಾನಿ ಮಾಡಿದರೂ ಅಲ್ಲಿ ಪ್ರಾಣಹಾನಿಯಾಗಲಿಲ್ಲ. ಆದರೆ ನೀರು ಹೆಚ್ಚಾದರೆ ಮಾತ್ರವಲ್ಲ, ಕಡಿಮೆಯಾದರೂ ಅಪಾಯವೇ. 2003ರ ಆಗಸ್ಟ್‌ನ ಬರದಲ್ಲಿ ವಿಲ್ನಿಸ್ ಎಂಬಲ್ಲಿ ಪೀಟ್ ಮಣ್ಣಿನ ಒಡ್ಡೊಂದು ಒಣಗಿ ಹಗುರಾಗಿ, ನೀರಿನ ಒತ್ತಡಕ್ಕೆ ಸರಿದು ಊರಿಗೆ ನೀರು ನುಗ್ಗಿತು.

ಮುಂದಿನ ದಿನಗಳು

ಪೀಟ್ ನೆಲ ಇಂದಿಗೂ ವರ್ಷಕ್ಕೆ ಹಲವು ಮಿಲಿಮೀಟರ್‌ಗಳಷ್ಟು ಕುಸಿಯುತ್ತಿದೆ. ಕೊಳೆಯುವ ಪೀಟ್‌ನಿಂದ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತಿದೆ. ಹೊಲದಲ್ಲಿ ನೀರಿನ ಮಟ್ಟ ಏರಿಸಿದರೆ ಕುಸಿತ ನಿಧಾನವಾಗುತ್ತದೆ, ಆದರೆ ಹಸುಗಳು ಮೇಯುವ ನೆಲ ಕೆಸರಾಗುತ್ತದೆ. ಹೈನುಗಾರರ ಜೀವನೋಪಾಯ ಮತ್ತು ನೆಲದ ಉಳಿವು ಇವೆರಡರ ನಡುವಿನ ಈ ಜಗ್ಗಾಟ ಇನ್ನೂ ಬಗೆಹರಿದಿಲ್ಲ. ಇನ್ನೊಂದೆಡೆ, ಜಾಗತಿಕ ತಾಪಮಾನದ ಏರಿಕೆ ತಡೆಯದೇ ಹೋದರೆ ಈ ಶತಮಾನದ ಅಂತ್ಯದೊಳಗೆ ತಮ್ಮ ತೀರದಲ್ಲಿ ಸಮುದ್ರ ಮಟ್ಟ ಒಂದು ಮೀಟರ್‌ಗೂ ಮೀರಿ ಏರಬಹುದು ಎಂದು ಆ ದೇಶದ ಹವಾಮಾನ ಸಂಸ್ಥೆ ಎಚ್ಚರಿಸಿದೆ. 2012ರ ಡೆಲ್ಟಾ ಕಾಯಿದೆಯಂತೆ ಇದಕ್ಕಾಗಿಯೇ ಪ್ರತ್ಯೇಕ ನಿಧಿಯಿದ್ದು, ಪ್ರತಿ ವರ್ಷ ನೂರು ಕೋಟಿ ಯೂರೋಗೂ ಹೆಚ್ಚು ಹಣ ಅದರಲ್ಲಿ ಮೀಸಲಾಗುತ್ತಿದೆ. ದುರಂತ ಆದ ಮೇಲೆ ಎಚ್ಚೆತ್ತುಕೊಳ್ಳುವ ಹಳೆಯ ಅಭ್ಯಾಸವನ್ನು ಬಿಟ್ಟು, ದುರಂತಕ್ಕೆ ಮೊದಲೇ ಖರ್ಚು ಮಾಡುವ ನಿರ್ಧಾರ ಅದು. 1953ರ 1,836 ಸಾವುಗಳು ಕಲಿಸಿದ ಪಾಠವೂ ಅದೇ.

ಫ್ರೀಸ್‌ಲ್ಯಾಂಡ್‌ನ ಲೆಮ್ಮರ್ ಪಟ್ಟಣದಲ್ಲಿ 1920ರಲ್ಲಿ ಆರಂಭವಾದ ಒಂದು ಉಗಿ ಪಂಪು ಸ್ಥಾವರವಿದೆ. ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದರೂ ಅದು ಬರೀ ನೋಡುವ ವಸ್ತುವಾಗಿಲ್ಲ. ಮಳೆ ಹೆಚ್ಚಾಗಿ ಇತರ ಪಂಪುಗಳು ಸಾಲದಾದಾಗ ಇಂದಿಗೂ ಅದರ ಬಾಯ್ಲರ್ ಹೊತ್ತಿಸಿ ನೀರೆತ್ತುತ್ತಾರೆ. ಒಮ್ಮೆ ಗೆದ್ದ ನೆಲವನ್ನು ಪ್ರತಿ ಮಳೆಗಾಲದಲ್ಲಿ, ಪ್ರತಿ ಬಿರುಗಾಳಿಯಲ್ಲಿ ಮತ್ತೆ ಗೆಲ್ಲಬೇಕಾದ ಈ ನಾಡಿನಲ್ಲಿ ಹಳೆಯದೆಂದು ಬದಿಗಿಡುವ ಅನುಕೂಲ ಆ ಯಂತ್ರಕ್ಕೂ ದೊರೆತಿಲ್ಲ.